ಆ ಸ್ಪೀಕರ್‌ಗಳನ್ನು ತೂಕಕ್ಕೆ ಹಾಕಬೇಡಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಸೌಂಡ್ ಸರ್ವಿಸ್ ಮಾಲೀಕರಿಗೆ, ಟಾಕೀಸು ನಡೆಸಿ ಬಾಗಿಲು ಹಾಕಿದ ಮನೆತನದವರಿಗೆ, ಇಂದಿಗೂ ಅಂಗಡಿ ತೆರೆದುಕೊಂಡು ಕೂತಿರುವ ರೇಡಿಯೋ ಮೆಕ್ಯಾನಿಕ್ ಕಾಕಾಗಳಿಗೆ,



1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ನಮ್ಮ ಜಿಲ್ಲೆ ಆದಾಗ ಇದ್ದದ್ದು ಈ ನಾಲ್ಕು ತಾಲೂಕು. ಈಗ ಕುಕನೂರು, ಕನಕಗಿರಿ, ಕಾರಟಗಿ ಸೇರಿ ಏಳಾಗಿವೆ. ಅಲ್ಲಿಯವರೂ ಈ ಪತ್ರ ತಮಗೇ ಬರೆದದ್ದು ಎಂದುಕೊಂಡು ಓದಬೇಕು.

ನಿಮ್ಮ ಗೋದಾಮಿನ ಮೂಲೆಯಲ್ಲಿ, ಮುಚ್ಚಿದ ಟಾಕೀಸಿನ ಪರದೆಯ ಹಿಂದೆ, ಅಂಗಡಿಯ ಅಟ್ಟದ ಮೇಲೆ ಹಳೆಯ ಸ್ಪೀಕರ್‌ಗಳು ಬಿದ್ದಿವೆ. ಅವನ್ನು ಗುಜರಿಗೆ ಕೊಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಅವುಗಳಿಂದ ಆಗಬೇಕಾದ ಕೆಲಸ ಇನ್ನೂ ಬಾಕಿ ಇದೆ. ನಮ್ಮೂರುಗಳ ಹೊಸ ಮನೆಗಳಲ್ಲಿ ಏಳುತ್ತಿರುವ ಹೋಮ್ ಥಿಯೇಟರ್‌ಗಳಿಗೆ ಕೊರತೆಯಾಗಿರುವುದನ್ನು ನೀವು ತೂಕಕ್ಕೆ ಹಾಕುತ್ತಿದ್ದೀರಿ.

ಗುಜರಿಯಲ್ಲಿ ಸ್ಪೀಕರ್‌ಗೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಸುತ್ತಿಗೆಯಿಂದ ಒಂದೇಟು. ಕಾಗದದ ಕೋನ್ ಹರಿದು ನೆಲಕ್ಕೆ, ತಗಡಿನ ಫ್ರೇಮ್ ಒಂದು ರಾಶಿಗೆ, ಮ್ಯಾಗ್ನೆಟ್ ಇನ್ನೊಂದು ರಾಶಿಗೆ. ಒಳಗಿನ ಕಾಯಿಲ್‌ನಲ್ಲಿ ಇರುವ ತಾಮ್ರ ಕೆಲವೇ ಗ್ರಾಂ. ಅಷ್ಟಕ್ಕಾಗಿ ನಲವತ್ತು ವರ್ಷ ಊರಿಗೆಲ್ಲ ಮಾತು ಮುಟ್ಟಿಸಿದ ವಸ್ತುವೊಂದು ಐದು ನಿಮಿಷದಲ್ಲಿ ಮುಗಿದುಹೋಗುತ್ತದೆ. "ಇವನ್ನ ಈಗ ಯಾರ್ ಕೇಳ್ತಾರ್ರೀ? ಎಲ್ಲಾರಿಗೂ ಡಿಜೆ ಬೇಕು" ಎಂದು ನಿಮ್ಮಲ್ಲೊಬ್ಬರು ಗಾಡಿಗೆ ಕಾಲಂ ಸ್ಪೀಕರ್ ಏರಿಸುತ್ತ ನನಗೆ ಹೇಳಿದರು. ಕೇಳುವವರು ಇದ್ದಾರೆ. ತಾವು ಕೇಳಬೇಕಾದದ್ದು ಇದನ್ನೇ ಎಂಬುದು ಅವರಿಗಿನ್ನೂ ಗೊತ್ತಾಗಿಲ್ಲ.

ಆ ಮನೆಗಳ ಕಡೆ ಒಮ್ಮೆ ನೋಡಿ. ಹೊಸದಾಗಿ ಕಟ್ಟಿಸುವವರು ಹಾಲ್‌ನಲ್ಲಿ 55 ಇಂಚು, 65 ಇಂಚಿನ ಟಿವಿಗೆ ಗೋಡೆ ಬಿಟ್ಟೇ ನಕ್ಷೆ ಹಾಕಿಸುತ್ತಾರೆ. ಅನುಕೂಲ ಇದ್ದವರು ಮೇಲಿನ ಕೋಣೆಗೆ ಪ್ರೊಜೆಕ್ಟರ್ ಹಾಕಿಸುತ್ತಾರೆ. ಚಿತ್ರ ಚೆನ್ನಾಗಿಯೇ ಬರುತ್ತದೆ. ಮಾತು ತಿಳಿಯುವುದಿಲ್ಲ. ಫೈಟು ಬಂದಾಗ ಸೌಂಡು ತಗ್ಗಿಸಬೇಕು, ಮಾತು ಬಂದಾಗ ಏರಿಸಬೇಕು; ರಿಮೋಟ್ ಹಿಡಿದವರಿಗೆ ಸಿನಿಮಾ ಮುಗಿಯುವ ತನಕ ಇದೇ ಉದ್ಯೋಗ. "ಏನಂದಾ ಅವಾ?" ಎಂದು ಮನೆಯ ಹಿರಿಯರು ಪಕ್ಕದವರನ್ನು ಕೇಳುತ್ತಾರೆ, ಮೂರು ಸಲ ಕೇಳಿದ ಮೇಲೆ ಸುಮ್ಮನಾಗುತ್ತಾರೆ.

ಕಾರಣ ಇದೆ. ಸಿನಿಮಾದ ಸೌಂಡನ್ನು ಮಿಕ್ಸ್ ಮಾಡುವುದು ದೊಡ್ಡ ಹಾಲಿಗಾಗಿ. 85 ಡೆಸಿಬೆಲ್ ಮಟ್ಟವನ್ನು ಆಧಾರವಾಗಿಟ್ಟುಕೊಳ್ಳುತ್ತಾರೆ, ಅಬ್ಬರದ ಜಾಗದಲ್ಲಿ ಒಂದೊಂದು ಚಾನಲ್ 105ರ ತನಕ ಏರಬಹುದು. ಅದನ್ನೇ ತಂದು ಬೆರಳು ಗಾತ್ರದ ಸ್ಪೀಕರ್‌ಗಳಿಂದ, ತಗ್ಗಿಸಿದ ಸೌಂಡಿನಲ್ಲಿ, ಟೈಲ್ಸ್ ನೆಲ, ಗಾಜಿನ ಕಿಟಕಿ, ಸಿಮೆಂಟು ಗೋಡೆಗಳ ನಡುವೆ ಹಾಕಿದರೆ ಅಬ್ಬರ ಉಳಿಯುತ್ತದೆ, ಅಕ್ಷರ ಕರಗುತ್ತದೆ. ತೆಳ್ಳನೆಯ ಟಿವಿಗಳ ಸ್ಪೀಕರ್‌ಗಳು ನೆಲದ ಕಡೆಗೋ ಗೋಡೆಯ ಕಡೆಗೋ ಬಾಯಿ ತೆರೆದಿರುತ್ತವೆ. ಮಾತು ನೇರವಾಗಿ ಕಿವಿಗೆ ಬರುವ ದಾರಿಯೇ ಇಲ್ಲ.

ಈಗ ನಿಮ್ಮ ಗೋದಾಮಿನ ವಸ್ತು ಯಾವ ಕೆಲಸಕ್ಕೆ ಹುಟ್ಟಿದ್ದು, ನೆನೆಸಿಕೊಳ್ಳಿ. ಮನುಷ್ಯನ ಮಾತನ್ನು ನೂರಾರು ಜನರಿಗೆ, ಸಾವಿರಾರು ಜನರಿಗೆ, ಬಿಡಿಬಿಡಿಯಾಗಿ ಮುಟ್ಟಿಸುವುದಕ್ಕೆ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಸ್ವಾಮಿಗಳ ಮಾತು ತೇರಿನ ಬಯಲಿನ ಕೊನೆಗೆ ನಿಂತವರಿಗೂ ಕೇಳಬೇಕು. ಹುಲಿಗಿ ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹೆಸರು ಕೂಗಿದರೆ ಹೊಳೆಯ ದಂಡೆಯಲ್ಲಿ ಇದ್ದ ತಾಯಿಗೆ ತಿಳಿಯಬೇಕು. ಕಂಪನಿ ನಾಟಕದ ಟೆಂಟಿನಲ್ಲಿ ಹಿಂದಿನ ಸಾಲಿನವರಿಗೂ ಮಾತು ಪೂರಾ ಸಿಗಬೇಕು. ದೂರಕ್ಕೆ ಸದ್ದು ಮುಟ್ಟಿಸುವ ಹಂಬಲ ನಮ್ಮ ಸೀಮೆಗೆ ಹೊಸದಲ್ಲ. ಗಂಗಾವತಿ ತಾಲೂಕಿನ ಹಿರೇಬೆಣಕಲ್ಲಿನ ಮೋರೇರ ಗುಡ್ಡದಲ್ಲಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ಶಿಲಾಸಮಾಧಿಗಳ ನಡುವೆ, ಎತ್ತರದ ಬಂಡೆಯ ಮೇಲೆ ಅರ್ಧಗೋಳದ ಕಲ್ಲಿನ ನಗಾರಿ ಇದೆ. ಎರಡು ಮೀಟರಿಗೂ ಹೆಚ್ಚು ಅಗಲ. ಮರದ ಸುತ್ತಿಗೆಯಿಂದ ಹೊಡೆದರೆ ಒಂದು ಕಿಲೋಮೀಟರ್ ದೂರದ ತನಕ ಕೇಳುತ್ತದೆ ಎನ್ನುತ್ತಾರೆ. ಆ ಕಲ್ಲನ್ನು ಅಷ್ಟು ಎತ್ತರದಲ್ಲಿ ಕೂರಿಸಿದವರಿಗೆ ನೀವು ಕಂಬದ ಮೇಲೆ ಹಾರ್ನ್ ಕಟ್ಟುವಾಗ ಹಾಕುವ ಲೆಕ್ಕವೇ ಗೊತ್ತಿತ್ತು.

ಹಳೆಯ ಸ್ಪೀಕರ್‌ಗಳ ಗುಟ್ಟು ಅವುಗಳ ಮಿತವ್ಯಯದಲ್ಲಿದೆ. ವಾಲ್ವ್ ಆಂಪ್ಲಿಫೈಯರ್ ಕಾಲದಲ್ಲಿ ವ್ಯಾಟ್ ದುಬಾರಿಯಾಗಿತ್ತು. ಮೂವತ್ತೋ ನಲವತ್ತೋ ವ್ಯಾಟಿನಲ್ಲಿ ಇಡೀ ಟಾಕೀಸು ತುಂಬಬೇಕಿತ್ತು. ಹಾಗಾಗಿ ಸ್ಪೀಕರ್ ಮಾಡುವವರು ಹಗುರವಾದ ಕಾಗದದ ಕೋನ್, ಬಲವಾದ ಮ್ಯಾಗ್ನೆಟ್, ದೊಡ್ಡ ಪೆಟ್ಟಿಗೆ, ಮೇಲಿನ ದನಿಗೆ ಹಾರ್ನ್ ಇಟ್ಟು ಒಂದೊಂದು ವ್ಯಾಟನ್ನೂ ದುಡಿಸಿಕೊಂಡರು. ಈಗಿನ ಸಣ್ಣ ಪೆಟ್ಟಿಗೆಯ ಸ್ಪೀಕರ್ ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 86 ಡೆಸಿಬೆಲ್ ಆಸುಪಾಸು ಕೊಡುತ್ತದೆ. ಒಳ್ಳೆಯ ಹಳೆಯ 12 ಇಂಚಿನ, 15 ಇಂಚಿನ ಕಾಗದದ ಕೋನ್ 96, 98 ಕೊಡುತ್ತದೆ. ಟಾಕೀಸಿನ ದೊಡ್ಡ ಹಾರ್ನ್ ವ್ಯವಸ್ಥೆ ನೂರನ್ನೂ ದಾಟುತ್ತದೆ. 12 ಡೆಸಿಬೆಲ್ ವ್ಯತ್ಯಾಸ ಎಂದರೆ ಆಂಪ್ಲಿಫೈಯರಿನಿಂದ ಸುಮಾರು 16 ಪಟ್ಟು ಕಡಿಮೆ ಬಲ ಸಾಕು. ಮನೆಯ ಹಾಲ್‌ನಲ್ಲಿ ಈ ಸ್ಪೀಕರ್ ಮಾತಾಡುವಾಗ ಕೋನ್ ಅಲುಗುವುದು ಕಣ್ಣಿಗೇ ಕಾಣುವುದಿಲ್ಲ. ಅಷ್ಟು ನಿರಾಯಾಸವಾಗಿ ದುಡಿಯುವ ಕೋನ್‌ನಿಂದ ಬಂದ ಮಾತಿನಲ್ಲಿ ಬಿಗಿತವಿಲ್ಲ, ಒಡಕಿಲ್ಲ. ಹಾರ್ನ್ ಇದ್ದರಂತೂ ದನಿ ಗೋಡೆಗೆ ಕಡಿಮೆ, ಕೂತವರ ಕಡೆಗೆ ಹೆಚ್ಚು ಹೋಗುತ್ತದೆ. ಟೈಲ್ಸ್ ಮನೆಗೆ ಬೇಕಾಗಿರುವುದೂ ಇದೇ.

ಹೊರದೇಶಗಳಲ್ಲಿ ಇದನ್ನು ಬೇಗ ಕಂಡುಕೊಂಡರು. ಅಮೆರಿಕದ ಆಲ್ಟೆಕ್ ಲ್ಯಾನ್ಸಿಂಗ್ ಕಂಪನಿ 1945ರಲ್ಲಿ ಚಿತ್ರಮಂದಿರಗಳಿಗಾಗಿ 'ವಾಯ್ಸ್ ಆಫ್ ದಿ ಥಿಯೇಟರ್' ಸ್ಪೀಕರ್‌ಗಳನ್ನು ತಂದಿತು. ಥಿಯೇಟರ್‌ಗಳು ಮುಚ್ಚಿದ ಮೇಲೆ ಅವು ಮನೆಗಳಿಗೆ ಹೋದವು. ಜಪಾನಿನ ರಸಿಕರು ಅಮೆರಿಕದ ಹಳೆಯ ಥಿಯೇಟರ್‌ಗಳಿಂದ ವೆಸ್ಟರ್ನ್ ಎಲೆಕ್ಟ್ರಿಕ್ ಹಾರ್ನ್‌ಗಳನ್ನು ಹಡಗಿಗೆ ಏರಿಸಿ ತರಿಸಿಕೊಂಡರು. ಇಂದು ಅವುಗಳ ಬೆಲೆ ಕೇಳಿದರೆ ನಾವು ಗುಜರಿ ಎಂಬ ಮಾತನ್ನೇ ಎತ್ತುವುದಿಲ್ಲ. ನಮ್ಮ ಟಾಕೀಸುಗಳ ಪರದೆಯ ಹಿಂದೆ ಇರುವವೆಲ್ಲ ಆ ದರ್ಜೆಯವು ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನವು ಇಲ್ಲಿಯೇ ಜೋಡಿಸಿದ ಪೆಟ್ಟಿಗೆಗಳು. 1940ರಲ್ಲಿ ದೆಹಲಿಯಲ್ಲಿ ಶುರುವಾದ ಅಹುಜಾ ಕಂಪನಿಯ ಯೂನಿಟ್‌ಗಳು, ಕಾಲಂಗಳು. ಮನೆಗಳಲ್ಲಾದರೆ ಫಿಲಿಪ್ಸ್, ಮರ್ಫಿ ರೇಡಿಯೋಗಳ ಕೋನ್‌ಗಳು, 1970ರಲ್ಲಿ ಕೋಲ್ಕತ್ತದಲ್ಲಿ ಹುಟ್ಟಿದ ಸೋನೋಡೈನ್ ಪೆಟ್ಟಿಗೆಗಳು. ಇವೂ ಸಾಕು. ಮಾತಿಗೆ ಧಾರಾಳವಾಗಿ ಸಾಕು.

ಕೈಗೆತ್ತಿಕೊಳ್ಳುವ ಮುಂಚೆ ಮ್ಯಾಗ್ನೆಟ್ ನೋಡಿ. ತೆಳ್ಳಗೆ ಅಗಲವಾದ ಕಪ್ಪು ಬಿಲ್ಲೆಯಾದರೆ ಫೆರೈಟ್. ಎತ್ತರವಾದ ಲೋಹದ ಡಬ್ಬಿಯಂತಿದ್ದರೆ ಆಲ್ನಿಕೋ ಇರಬಹುದು: ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ್ದು. 1978ರಲ್ಲಿ ಆಫ್ರಿಕಾದ ಆಗಿನ ಜೈರ್ ದೇಶದ ಶಾಬಾ ಪ್ರಾಂತ್ಯದಲ್ಲಿ ಯುದ್ಧವಾಗಿ ಅಲ್ಲಿನ ಗಣಿಗಳಿಂದ ಬರುವ ಕೋಬಾಲ್ಟ್ ನಿಂತಂತಾಯಿತು, ಬೆಲೆ ಗಗನಕ್ಕೇರಿತು. ಜಗತ್ತಿನ ಸ್ಪೀಕರ್ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ಫೆರೈಟ್‌ಗೆ ಹೊರಳಿದವು. ಹಾಗಾಗಿ ಆಲ್ನಿಕೋ ಸಿಕ್ಕರೆ ಅದು ಬಹುಶಃ ಆ ಯುದ್ಧಕ್ಕೂ ಹಿಂದಿನದು. ಅದಕ್ಕೆ ಸುತ್ತಿಗೆ ತಾಗಿಸಬೇಡಿ, ಮ್ಯಾಗ್ನೆಟ್ ಬಿಚ್ಚಲೂ ಬೇಡಿ. ಬಿಚ್ಚಿದರೆ ಶಕ್ತಿ ಇಳಿದುಹೋಗುತ್ತದೆ.

ನಮ್ಮ ಕಡೆಯ ಸ್ಪೀಕರ್‌ಗಳಿಗೆ ನಮ್ಮದೇ ಆದ ಕಾಯಿಲೆಗಳಿವೆ. ಎರೆಮಣ್ಣಿನ ದೂಳು, ಕಣಜ ಕಟ್ಟಿದ ಮಣ್ಣಿನ ಗೂಡು, ಇಲಿ ಕಡಿದ ಅಂಚು, ಗೆದ್ದಲು ಹಿಡಿದ ಪೆಟ್ಟಿಗೆ. ಕೊಪ್ಪಳದ ಸುತ್ತ, ಗಿಣಿಗೇರಿ ಕಡೆ, ಇನ್ನೊಂದು ಹೆಚ್ಚಿಗೆ ಇದೆ: ಕಾರ್ಖಾನೆಗಳ ಕರಿದೂಳು. ಮನೆಯ ಮಾಳಿಗೆ, ಬೆಳೆಯ ಎಲೆ ಎಲ್ಲದರ ಮೇಲೆ ಕೂರುವ ಅದೇ ದೂಳು. ಅದರಲ್ಲಿನ ಕಬ್ಬಿಣದ ಕಣವನ್ನು ಸ್ಪೀಕರಿನ ಮ್ಯಾಗ್ನೆಟ್ ತಾನಾಗಿ ಎಳೆದುಕೊಳ್ಳುತ್ತದೆ. ಕಾಯಿಲ್ ಓಡಾಡುವ ಸಂದು ಒಂದು ಮಿಲಿಮೀಟರ್ ಆಸುಪಾಸು. ಅಲ್ಲಿ ನಾಲ್ಕು ಕಣ ಸೇರಿದರೂ ಕಾಯಿಲ್ ಉಜ್ಜತೊಡಗುತ್ತದೆ. ಎರಡೂ ಕೈಯ ಬೆರಳುಗಳನ್ನು ಕೋನ್‌ನ ನಡುವಿಗೆ ಸಮನಾಗಿ ಇಟ್ಟು ಮೆಲ್ಲಗೆ ಒತ್ತಿ ಬಿಡಿ. ಸದ್ದಿಲ್ಲದೆ ಹೋಗಿ ಬಂದರೆ ಜೀವ ಇದೆ. 'ಕರ್' ಎಂದರೆ ಸಂದಿನಲ್ಲಿ ಕಣ ಸೇರಿದೆ, ಇಲ್ಲವೇ ಕಾಯಿಲ್ ಓರೆಯಾಗಿದೆ. ಕಣ ತೆಗೆಯಲು ಊದಿ ಪ್ರಯೋಜನವಿಲ್ಲ, ಮ್ಯಾಗ್ನೆಟ್ ಬಿಡುವುದಿಲ್ಲ. ನಡುವಿನ ಮುಚ್ಚಳ ಬಿಡಿಸಿ, ಕೋನ್ ಹೊರಗಿಟ್ಟು, ತೆಳುವಾದ ರಟ್ಟಿನ ಪಟ್ಟಿಗೆ ಅಂಟು ಹೊರಗೆ ಬರುವಂತೆ ಟೇಪ್ ಸುತ್ತಿ ಸಂದಿನಲ್ಲಿ ಇಳಿಸಿ ಸುತ್ತಬೇಕು. ಟೇಪ್ ಕಪ್ಪಾಗಿ ಬರುತ್ತದೆ. ಬಿಳಿಯಾಗಿ ಬರುವ ತನಕ ಬದಲಿಸುತ್ತಲೇ ಇರಬೇಕು. ಇದನ್ನು ಮಾಡುವ ತಾಳ್ಮೆ ಕಾಕಾಗಳಿಗೆ ಇದೆ. ಅವರ ಕೈಕೆಳಗೆ ಒಬ್ಬ ಹುಡುಗ ಕಲಿಯುವುದು ಇವತ್ತಿನ ಅಗತ್ಯ.

ಉಳಿದ ಪರೀಕ್ಷೆಗಳು ನಿಮಗೆ ಗೊತ್ತಿರುವವೇ. ಮೀಟರಿನಲ್ಲಿ 8 ಓಮ್ ಸ್ಪೀಕರ್ 6ರ ಆಸುಪಾಸು ತೋರಿಸಿದರೆ ಸರಿ, 16 ಓಮಿನದು 11, 12. ಏನೂ ತೋರಿಸದಿದ್ದರೆ ಕಾಯಿಲ್ ಹೋಗಿದೆ, ಕೋನ್ ಹಾಕಿಸಬೇಕು. ಒಂದೂವರೆ ವೋಲ್ಟ್ ಸೆಲ್ ಕ್ಷಣಮಾತ್ರ ಮುಟ್ಟಿಸಿ, ಕೋನ್ ಮುಂದೆ ಬಂದಾಗ ಸೆಲ್ಲಿನ ಪ್ಲಸ್ ಯಾವ ತುದಿಗಿತ್ತೋ ಆ ತುದಿಗೆ ಗುರುತು ಹಾಕಿ. ಹಳೆಯ ಗುರುತನ್ನು ನಂಬಬೇಡಿ. ಜೆಬಿಎಲ್ ಕಂಪನಿಯ ಹಳೆಯ ಯೂನಿಟ್‌ಗಳಲ್ಲಿ ಪ್ಲಸ್ ಕೊಟ್ಟರೆ ಕೋನ್ ಹಿಂದಕ್ಕೆ ಸರಿಯುತ್ತಿತ್ತು, ಅದು ಅವರ ಆಗಿನ ಪದ್ಧತಿ. ಎರಡು ಸ್ಪೀಕರ್‌ಗಳು ಎದುರುಬದುರು ಎಳೆದರೆ ಮಾತು ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದು.

ಕೋನ್‌ನ ಅಂಚು ಬಟ್ಟೆಯದೋ ಮಡಿಕೆ ಕಾಗದದ್ದೋ ಆದರೆ ಅರವತ್ತು ವರ್ಷವಾದರೂ ಉಳಿದಿರುತ್ತದೆ. ಫೋಮ್ ಅಂಚಾದರೆ ಬೆರಳು ತಾಗಿಸಿದ ಕೂಡಲೇ ಪುಡಿಪುಡಿ. ಅದು ಆ ಫೋಮಿನ ಸ್ವಭಾವ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಅಂಚು ಹೋಯಿತೆಂದು ಸ್ಪೀಕರ್ ಬಿಸಾಡುವವರು ಬಹಳ. ಹೊಸ ಅಂಚು ಅಂಟಿಸಿದರೆ ಅದು ಮೊದಲಿನಂತೆಯೇ ಹಾಡುತ್ತದೆ. ಕೋನ್‌ನಲ್ಲಿ ಸಣ್ಣ ತೂತು ಇದ್ದರೆ ತೆಳ್ಳನೆಯ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲ್ ಸವರಿ ಹಚ್ಚಿ. ದಪ್ಪನೆಯ ರಟ್ಟು, ಸೈಕಲ್ ಟ್ಯೂಬಿನ ತುಂಡು ಹಚ್ಚುವ ರೂಢಿ ಬಿಡಬೇಕು. ಅದು ಓಡುವ ಎತ್ತಿನ ಕೊರಳಿಗೆ ಗುಂಡುಕಲ್ಲು ಕಟ್ಟಿದ ಹಾಗೆ. ಕಾಗದ, ಅಂಟು, ಹಗುರ ಈ ಮೂರನ್ನು ನಮ್ಮ ಜಿಲ್ಲೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಕಿನ್ನಾಳದ ಚಿತ್ರಗಾರರು ಹಗುರ ಮರಕ್ಕೆ ಹುಣಸೆ ಬೀಜದ ಅಂಟಿನಲ್ಲಿ ಮರದ ಪುಡಿ, ಸೆಣಬಿನ ನಾರು ಕಲಸಿದ ಕಿಟ್ಟ ಹಚ್ಚಿ ಗೊಂಬೆಗೆ ಮೈ ಕೊಡುತ್ತಾರೆ. ಆ ಕೈಗಳು ಒಂದು ಕೋನ್ ಮೇಲೆ ಅಂಟನ್ನು ಎಷ್ಟು ತೆಳ್ಳಗೆ ಎಳೆಯಬಲ್ಲವು ಎಂದು ನೋಡುವ ಆಸೆ ನನಗೆ ಬಹಳ ದಿನದಿಂದ ಇದೆ. ಟಾಕೀಸಿನ ಪೆಟ್ಟಿಗೆಯ ಒಡೆದ ಮೂಲೆಗಳನ್ನು ತುಂಬಿ ಬಣ್ಣ ಕೊಡುವ ಕೆಲಸವನ್ನಂತೂ ಅವರಿಗೇ ಒಪ್ಪಿಸಬೇಕು.

ಪೆಟ್ಟಿಗೆಯ ಮಾತು ಬಂದಿತು. ಹಾಲ್‌ನಲ್ಲಿ ಜಾಗ ಸಾಲದು ಎಂದು 15 ಇಂಚಿನ ಕೋನ್ ಕಿತ್ತು ಸಣ್ಣ ಡಬ್ಬಿಗೆ ಕೂರಿಸಬೇಡಿ, ಗ್ರಾಹಕರು ಕೇಳಿದರೂ. ಆ ಪೆಟ್ಟಿಗೆಯ ಒಳಗಿನ ಗಾಳಿಯೂ ಸ್ಪೀಕರಿನ ಭಾಗ. ಒಳಗಿನ ಕ್ರಾಸ್‌ಓವರ್‌ನಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳಿದ್ದರೆ ಒಣಗಿರುತ್ತವೆ, ಅಷ್ಟೇ ಮೌಲ್ಯದ ಫಿಲ್ಮ್ ಕೆಪಾಸಿಟರ್ ಹಾಕಿ.

ಸೌಂಡ್ ಸರ್ವಿಸ್‌ನವರಿಗೆ ಮುಖ್ಯವಾದ ಒಂದು ಎಚ್ಚರಿಕೆ. ನಿಮ್ಮ ಕಾಲಂಗಳ, ಹಾರ್ನ್ ಯೂನಿಟ್‌ಗಳ ಹಿಂದೆ ಎಷ್ಟೋ ಕಡೆ 100 ವೋಲ್ಟ್ ಲೈನಿನ ಟ್ರಾನ್ಸ್‌ಫಾರ್ಮರ್ ಇದೆ. ಬಯಲಿನಲ್ಲಿ ಅರ್ಧ ಕಿಲೋಮೀಟರ್ ವೈರ್ ಎಳೆಯುವುದಕ್ಕೆ ಅದು ಬೇಕು. ಹೋಮ್ ಥಿಯೇಟರ್ ನಡೆಸುವ ಎವಿ ರಿಸೀವರ್‌ಗೆ ಅದನ್ನು ಹಾಗೆಯೇ ಜೋಡಿಸಿದರೆ ದನಿ ಕ್ಷೀಣವಾಗುತ್ತದೆ, ಕೆಳಗಿನ ದನಿ ಕೆಡುತ್ತದೆ. ಟ್ರಾನ್ಸ್‌ಫಾರ್ಮರ್ ಬಿಟ್ಟು ನೇರವಾಗಿ ಕಾಯಿಲ್‌ಗೆ ವೈರ್ ಕೊಡಿ, ಆದರೆ ಕೊಡುವ ಮುಂಚೆ ಓಮ್ ಅಳೆಯಿರಿ. ಎರಡು 8 ಓಮ್ ಯೂನಿಟ್‌ಗಳನ್ನು ಪ್ಯಾರಲಲ್ ಮಾಡಿದರೆ 4 ಆಗುತ್ತದೆ, ಎಷ್ಟೋ ರಿಸೀವರ್‌ಗಳಿಗೆ ಅದು ಭಾರ. ಸೀರೀಸ್ ಮಾಡಿದರೆ 16, ಅದರಿಂದ ಅಪಾಯವಿಲ್ಲ. ಇನ್ನು ಕಂಬದ ಮೇಲಿನ ಹಾರ್ನ್ ಒಂದನ್ನೇ ತಂದು ಟಿವಿ ಪಕ್ಕ ಇಟ್ಟರೆ ಕಿವಿ ನೋಯುತ್ತದೆ. ಅದರ ಹರವು ಸುಮಾರು 250 ಹರ್ಟ್ಸ್‌ನಿಂದ 6,000 ಹರ್ಟ್ಸ್. ಕೆಳಗೆ ಒಂದು 12 ಇಂಚಿನ ಕಾಗದದ ಕೋನ್ ಜೊತೆಗಿದ್ದರೆ ಮಾತ್ರ ಅದು ಮನುಷ್ಯರ ಮೈತುಂಬಿದ ದನಿಯಲ್ಲಿ ಮಾತಾಡೀತು.

ಮನೆಯಲ್ಲಿ ಇದನ್ನು ಎಲ್ಲಿ ಇಡಬೇಕು? ನನ್ನ ಉತ್ತರ ನಡುವಿನ ಚಾನಲ್. ಹೋಮ್ ಥಿಯೇಟರ್‌ನಲ್ಲಿ ಮಾತಿನ ಬಹುಪಾಲು ಅಲ್ಲಿಂದಲೇ ಬರುತ್ತದೆ. ಎಷ್ಟೋ ಮನೆಗಳಲ್ಲಿ ಎರಡು ಬದಿಗೆ ಎತ್ತರದ ಟವರ್ ಇಟ್ಟು, ನಡುವೆ ಟಿವಿಯ ಕೆಳಗೆ ಒಂದು ಸಣ್ಣ ಡಬ್ಬಿ ಅಡ್ಡ ಮಲಗಿಸಿರುತ್ತಾರೆ. ಅತಿ ಹೆಚ್ಚು ದುಡಿಯಬೇಕಾದ ಕಡೆ ಅತಿ ಸಣ್ಣ ಆಳು. ಅಲ್ಲಿ ದೊಡ್ಡದನ್ನು ಇಡಿ. ಪ್ರೊಜೆಕ್ಟರ್ ಇದ್ದವರು ಸಣ್ಣ ರಂಧ್ರಗಳ ಪರದೆ ಹಾಕಿ ಅದರ ಹಿಂದೆಯೇ ಇಡಲಿ, ನಮ್ಮ ಟಾಕೀಸುಗಳಲ್ಲಿ ಇದ್ದದ್ದೂ ಹಾಗೆಯೇ. ಸರಿಹೊಂದುವ ಮೂರು ಸಿಕ್ಕರೆ ಮುಂದಿನ ಸಾಲು ಪೂರ್ತಿ ಅವೇ ಆಗಲಿ. ಒಂದು ಜೋಡಿ ಮಾತ್ರ ಸಿಕ್ಕರೆ ಎಡಬಲಕ್ಕೆ ಇಟ್ಟು, ರಿಸೀವರ್‌ನಲ್ಲಿ ನಡುವಿನ ಸ್ಪೀಕರ್ ಇಲ್ಲವೆಂದು ಹೇಳಿ. ಮಾತನ್ನು ಅದು ಎರಡಕ್ಕೂ ಹಂಚುತ್ತದೆ, ನಟ್ಟನಡುವೆ ಕೂತವರಿಗೆ ಪರದೆಯ ಮಧ್ಯದಿಂದಲೇ ಬಂದಂತೆ ಕೇಳುತ್ತದೆ.

ಹೊಸದರ ಜೊತೆ ಹಳೆಯದನ್ನು ಕೂಡಿಸುವಾಗ ಕಾಡುವ ತೊಂದರೆ ಸೌಂಡಿನ ಅಳತೆ. ರಿಸೀವರ್ ಜೊತೆ ಬರುವ ಮೈಕ್ ಇಟ್ಟು ಅಳೆಸಿದರೆ ಅದು ಹಳೆಯದನ್ನು ತಾನೇ ತಗ್ಗಿಸುತ್ತದೆ, ಆದರೆ ಹೆಚ್ಚಿನವಕ್ಕೆ 10 ಅಥವಾ 12 ಡೆಸಿಬೆಲ್ ಮಿತಿ. ಹಿಂದಿನ ಸಣ್ಣ ಸ್ಪೀಕರ್‌ಗಳು 86ರವು, ಮುಂದಿನದು 100ರದು ಆದರೆ ಮಿತಿ ಸಾಲದೆ ಹೋಗಬಹುದು. ಆಗ ನಡುವೆ ರೆಸಿಸ್ಟರ್‌ಗಳ ಒಂದು ಸಣ್ಣ ಜೋಡಣೆ ಹಾಕಬೇಕು. ಕಾಕಾಗಳಿಗೆ ಇದು ಹತ್ತು ನಿಮಿಷದ ಕೆಲಸ. ಅದರಿಂದ ಇನ್ನೊಂದು ಲಾಭ: ಇಂಥ ಚುರುಕು ಸ್ಪೀಕರ್‌ಗಳು ಆಂಪ್ಲಿಫೈಯರಿನ 'ಸ್' ಎಂಬ ಸದ್ದನ್ನೂ ಎತ್ತಿ ಕೇಳಿಸುತ್ತವೆ, ಅದೂ ಅಡಗುತ್ತದೆ.

ಕೆಳಗಿನ ಗುಡುಗು ಇವುಗಳ ಕೆಲಸ ಅಲ್ಲ. ಕಾಗದದ ಹಗುರ ಕೋನ್‌ನಿಂದ ಈಗಿನ ಸಿನಿಮಾಗಳ ಭೂಕಂಪ ಹೊರಡಿಸಲು ಹೋದರೆ ಕಾಯಿಲ್ ಜಿಗಿದು ಹಾಳಾಗುತ್ತದೆ. ರಿಸೀವರ್‌ನಲ್ಲಿ ಇವು ಸಣ್ಣ ಸ್ಪೀಕರ್ ಎಂದೇ ಹೇಳಿ, ಗಾತ್ರ ನೋಡಿ ದೊಡ್ಡದು ಎನ್ನಬೇಡಿ. 80 ಅಥವಾ 100 ಹರ್ಟ್ಸ್ ಕೆಳಗಿನದನ್ನೆಲ್ಲ ಹೊಸ ಸಬ್‌ವೂಫರ್‌ಗೆ ಕಳಿಸಿ. ತಲೆಯ ಮೇಲಿನ ಅಟ್ಮಾಸ್, ಹಿಂದಿನ ಸರೌಂಡ್ ಎಲ್ಲ ಹೊಸವೇ ಇರಲಿ. ಹೊಸದಕ್ಕೆ ನಾನು ವಿರೋಧಿಯಲ್ಲ. ಎರಡೂ ತಮ್ಮ ತಮ್ಮ ಕೆಲಸ ಮಾಡಿದಾಗ ಆಗುವ ಸಿನಿಮಾ ಅನುಭವ ಬರೀ ಹಳೆಯದರಿಂದಲೂ ಬರೀ ಹೊಸದರಿಂದಲೂ ಆಗದು.

ಹಳೆಯ ಕನ್ನಡ ಚಿತ್ರಗಳ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 1954ರ 'ಬೇಡರ ಕಣ್ಣಪ್ಪ', 1970ರ 'ಶ್ರೀ ಕೃಷ್ಣದೇವರಾಯ', 1972ರ 'ಬಂಗಾರದ ಮನುಷ್ಯ' ಇವುಗಳ ಸೌಂಡು ಮೋನೋ. ಫಿಲ್ಮಿನ ಅಂಚಿನಲ್ಲಿ ಒಂದೇ ಗೆರೆ, ಪರದೆಯ ಹಿಂದೆ ಒಂದೇ ಸ್ಪೀಕರ್. ಆಗಿನ ಸೌಂಡ್ ಇಂಜಿನಿಯರ್‌ಗಳು ಟಾಕೀಸಿನ ಹಾರ್ನ್ ಹೇಗೆ ಮಾತಾಡುತ್ತದೆಂದು ತಿಳಿದೇ ಆ ಗೆರೆಗೆ ದನಿ ಕೊಟ್ಟರು. ಅದನ್ನು ಈಗಿನ ತೆಳ್ಳನೆಯ ಸ್ಪೀಕರ್‌ಗಳಲ್ಲಿ ಹಾಕಿದರೆ ಮೂಗಿನಿಂದ ಬಂದಂತೆ, ಡಬ್ಬಿಯೊಳಗಿಂದ ಬಂದಂತೆ ಕೇಳಿ, ಮಕ್ಕಳು 'ಹಳೇ ಪಿಚ್ಚರ್ ಸೌಂಡೇ ಹಿಂಗ' ಎಂದು ಎದ್ದುಹೋಗುತ್ತಾರೆ. ಪಿಚ್ಚರಿನದು ತಪ್ಪಿಲ್ಲ. ರಿಸೀವರ್‌ನಲ್ಲಿ ಡಾಲ್ಬಿ ಸರೌಂಡ್ ಇಟ್ಟು ಇವನ್ನು ಹಾಕಿ ನೋಡಿ. ಎಡಬಲದಲ್ಲಿ ಒಂದೇ ದನಿ ಇದ್ದರೆ ಅದು ಇಡಿಯಾಗಿ ನಡುವಿನ ಚಾನಲ್‌ಗೆ ಹೋಗುತ್ತದೆ. ಅಲ್ಲಿ ನಿಮ್ಮ ಟಾಕೀಸಿನ ಹಳೆಯ ಸ್ಪೀಕರ್ ಇದ್ದರೆ ಐವತ್ತು ವರ್ಷದ ಹಿಂದೆ ಪರದೆಯ ಹಿಂದಿನಿಂದ ಬಂದ ದನಿ ಅದೇ ಜಾಗದಿಂದ, ಅದೇ ಬಗೆಯ ಕಾಗದದಿಂದ ಮತ್ತೆ ಬರುತ್ತದೆ. ರಾಜಕುಮಾರ್ ಗುಬ್ಬಿ ಕಂಪನಿಯ ರಂಗದ ಮೇಲೆ ಬೆಳೆದವರು. ಪ್ರತಿ ಅಕ್ಷರಕ್ಕೂ ಉಸಿರು ಕೊಟ್ಟು ಕೊನೆಯ ಸಾಲಿಗೆ ಮುಟ್ಟಿಸುವ ಅಭ್ಯಾಸದವರು. ಅವರ 'ಹ'ಕಾರ, 'ಷ'ಕಾರ, ಒಂದು ಮಾತಿನ ತುದಿಯಲ್ಲಿ ಬಿಡುವ ಸಣ್ಣ ನಿಟ್ಟುಸಿರು ನಮ್ಮ ಮನೆಯ ಹಾಲ್‌ನಲ್ಲಿ ಬಿಡಿಸಿ ಕೇಳಿದಾಗ ಪಕ್ಕದಲ್ಲಿದ್ದ ಹಿರಿಯರು ಯಾರನ್ನೂ ಏನೂ ಕೇಳಲಿಲ್ಲ. ನನಗೆ ಈ ಪತ್ರ ಬರೆಯಬೇಕೆನಿಸಿದ್ದಕ್ಕೆ ಅದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕೋಣೆಗೂ ಸ್ವಲ್ಪ ಕೆಲಸವಿದೆ. ಮಣ್ಣಿನ ಗೋಡೆ, ಜಂತಿಯ ಮಾಳಿಗೆ ಇದ್ದ ಮನೆಗಳಲ್ಲಿ ಮಾತು ತಾನಾಗಿ ತಿಳಿಯಾಗಿರುತ್ತಿತ್ತು. ಈಗಿನ ಮನೆಗೆ ದುಬಾರಿ ಫೋಮ್ ಹಲಗೆ ಕೊಳ್ಳುವ ಮುಂಚೆ ಅಜ್ಜಿಯ ಕೌದಿ ತೆಗೆಯಿರಿ. ಹಳೆಯ ಸೀರೆಗಳ ಪದರ ಪದರ ಹೊಲಿದ ದಪ್ಪ ಕೌದಿಯನ್ನು ಕೂತವರ ಬೆನ್ನ ಹಿಂದಿನ ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ತೂಗುಹಾಕಿದರೆ ಸಾಕಷ್ಟು ಮಾರ್ದನಿ ತಗ್ಗುತ್ತದೆ. ಸ್ಪೀಕರ್ ಮುಂದಿನ ಹರಿದ ಬಟ್ಟೆ ಬದಲಿಸಲು ಭಾಗ್ಯನಗರದ, ದೋಟಿಹಾಳದ ನೇಕಾರರನ್ನೇ ಕೇಳಬಹುದು. ನೇಯ್ಗೆ ಸಡಿಲ ಇರಲಿ. ಬಟ್ಟೆಯ ಈಚೆಯಿಂದ ಊದಿದರೆ ಉಸಿರು ಆಚೆಯ ಅಂಗೈಗೆ ತಾಕಬೇಕು. ತಾಕದಿದ್ದರೆ ಎಷ್ಟೇ ಚೆಂದ ಇದ್ದರೂ ಅದು ಸೀರೆಗೇ ಸರಿ.

ಹಣದ ಮಾತನ್ನೂ ಆಡೋಣ. ನಿಮ್ಮ ಕಷ್ಟ ನನಗೆ ಗೊತ್ತಿದೆ. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ರಾತ್ರಿ 10ರಿಂದ ಬೆಳಗಿನ 6ರ ತನಕ ಹೊರಗೆ ಲೌಡ್‌ಸ್ಪೀಕರ್ ನಿಷೇಧ. ಬಾಡಿಗೆಗೆ ಬರುವವರು ಹೊಸ ಡಿಜೆ ಕೇಳುತ್ತಾರೆ, ಅದಕ್ಕೆ ಸಾಲ ಮಾಡಬೇಕು, ಹಳೆಯದು ಜಾಗ ತಿನ್ನುತ್ತದೆ. ಟಾಕೀಸಿನವರಿಗೆ ಕಟ್ಟಡ ಮಾರುವ ಅವಸರ. ಆದರೂ ನೋಡಿ, ಆಷಾಢದಲ್ಲಿ ಮದುವೆಗಳಿಲ್ಲ, ಮಳೆಗಾಲದಲ್ಲಿ ಬಯಲ ಕಾರ್ಯಕ್ರಮಗಳಿಲ್ಲ. ಆ ಬಿಡುವಿನಲ್ಲಿ ಗೋದಾಮಿನ ಒಂದು ಜೋಡಿ ತೆಗೆದು ಕಾಕಾರ ಬಳಿ ಒಯ್ದು ಸರಿಮಾಡಿಸಿ, ಊರಿನ ಯಾವುದಾದರೂ ಮನೆಯ ರಿಸೀವರ್‌ಗೆ ಜೋಡಿಸಿ ಕೇಳಿಸಿ. ದುಡ್ಡಿನ ಮಾತು ಆಮೇಲೆ. ಕೇಳಿದವರು ಗುಜರಿಯ ಬೆಲೆ ಹೇಳಲಾರರು, ನೀವೂ ಒಪ್ಪಬೇಡಿ. ಕೂರಿಸುವ, ಅಳೆಯುವ, ವರ್ಷಕ್ಕೊಮ್ಮೆ ನೋಡಿಕೊಳ್ಳುವ ಕೂಲಿಯನ್ನೂ ಸೇರಿಸಿ ಹೇಳಿ. ಸ್ಪೀಕರನ್ನು ಕಿವಿಯಿಂದ ಹೊಂದಿಸಬಲ್ಲವರು ನಮ್ಮ ಸೀಮೆಯಲ್ಲಿ ನಿಮ್ಮಷ್ಟು ಯಾರಿದ್ದಾರೆ?

ಕಾಕಾಗಳಲ್ಲಿ ಒಂದು ಬೇಡಿಕೆ. ಬೆಂಗಳೂರಿನ ಬಿಇಎಲ್ ವಾಲ್ವ್ ತಯಾರಿಸುತ್ತಿದ್ದ ಕಾಲದ ಆಂಪ್ಲಿಫೈಯರ್‌ಗಳು ನಿಮ್ಮ ಬಳಿ ಇದ್ದರೆ, ಅವನ್ನು ಹುಡುಗರ ಕೈಗಷ್ಟೇ ಬಿಟ್ಟುಕೊಡಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳ ಕೆಪಾಸಿಟರ್‌ಗಳಲ್ಲಿ ಮುನ್ನೂರು, ನಾನೂರು ವೋಲ್ಟ್ ಕೂತಿರುತ್ತದೆ. ಪಕ್ಕದಲ್ಲಿ ನಿಂತು ಕಲಿಸಿ.

ಉಳಿದವರು ಸದ್ಯಕ್ಕೆ ಇಷ್ಟು ಮಾಡಿ. ಗುಜರಿ ಗಾಡಿ ಬರುವ ಮುಂಚೆ ಪ್ರತಿ ಸ್ಪೀಕರಿನ ಹಿಂದಿನ ಚೀಟಿಯ, ಮ್ಯಾಗ್ನೆಟ್ ಮೇಲಿನ ಅಚ್ಚಿನ ನಂಬರಿನ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಟಾಕೀಸಿನ ಹೆಸರೋ ನಾಟಕ ಕಂಪನಿಯ ಹೆಸರೋ ಇದ್ದರೆ ಒರೆಸಬೇಡಿ. ಜೋಡಿಯಲ್ಲಿ ಒಂದನ್ನೇ ಮಾರಬೇಡಿ. ಕಾಯಿಲ್ ಸುಟ್ಟದ್ದನ್ನೂ ಎಸೆಯಬೇಡಿ, ಅದರ ಫ್ರೇಮ್ ಮತ್ತು ಮ್ಯಾಗ್ನೆಟ್ ಇದ್ದರೆ ಕೋನ್ ಹಾಕಬಹುದು. ನೆಲದಿಂದ ಎತ್ತಿ ಹಲಗೆಯ ಮೇಲಿಡಿ, ಕೋನ್‌ನ ಬಾಯಿ ಗೋಡೆಯ ಕಡೆಗಿರಲಿ, ಮೇಲೊಂದು ಹಳೆಯ ಧೋತರ ಹೊದಿಸಿ. ಮುಂದಿನ ಆಷಾಢಕ್ಕೆ ಒಂದು ಜೋಡಿಯಾದರೂ ಕಾಕಾರ ಅಂಗಡಿಗೆ ಹೋಗಲಿ.

ಇಂತಿ,
ನಿಮ್ಮ ಮೈಕ್ ಸೆಟ್ಟುಗಳನ್ನೂ ಟಾಕೀಸುಗಳನ್ನೂ ಕೇಳುತ್ತ ಬೆಳೆದ
ಕೊಪ್ಪಳದ ಒಬ್ಬ ಸಿನಿಮಾಪ್ರೇಮಿ